ಐದು ಹಳೇ ಕಂಪ್ಯೂಟರು, ಪುಕ್ಕಟೆ ಗೇಮುಗಳು: ಒಬ್ಬ ಅಂಗಡಿಯವಳ ರಿವ್ಯೂ

ಹನುಮಂತನಗರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಬ್ರೌಸಿಂಗ್ ಅಂಗಡಿ ಇದೆ. ಪ್ಯಾನ್ ಕಾರ್ಡ್ ಅರ್ಜಿ, ಸ್ಕಾಲರ್‌ಶಿಪ್ ಫಾರಂ, ಸಿಇಟಿ ಆಪ್ಷನ್ ಎಂಟ್ರಿ, ಇವೇ ನಮ್ಮ ಅನ್ನ. ಸೀಸನ್ ಮುಗಿದರೆ ಮಧ್ಯಾಹ್ನದ ಮೇಲೆ ಕುರ್ಚಿಗಳೆಲ್ಲ ಖಾಲಿ. ಆಗ ಗಂಟೆಗೆ ಮೂವತ್ತು ರೂಪಾಯಿ ತಗೊಂಡು ಮಕ್ಕಳಿಗೆ ಗೇಮ್ ಆಡಲು ಬಿಡುತ್ತೇನೆ. ಹಾಕಿರುವ ಗೇಮುಗಳೆಲ್ಲ ಓಪನ್ ಸೋರ್ಸ್. ಅಂದ್ರೆ ಅವುಗಳ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಕಾಪಿ ಮಾಡಿ ಹಂಚಬಹುದು. ಯಾವುದಕ್ಕೆ ಮಕ್ಕಳು ಪಾಳಿ ಹಚ್ಚಿದರು, ಯಾವುದನ್ನು ಯಾರೂ ಮುಟ್ಟಲಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಅಂಗಡಿ, ಟ್ಯೂಷನ್, ಅಪಾರ್ಟ್‌ಮೆಂಟಿನ ಮಕ್ಕಳ ಕೋಣೆ ನಡೆಸುವವರಿಗೆ ಉಪಯೋಗಕ್ಕೆ ಬಂದೀತು.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ದಿನಾ ಆಡುವಂಥ ಆಟಕ್ಕೆ ಈ ಓಪನ್ ಸೋರ್ಸ್ ಪದ್ಧತಿ ಚೆನ್ನಾಗಿ ಒಗ್ಗುತ್ತದೆ. ಒಂದು ಸಲ ಕಥೆ ಮುಗಿಸಿ ಎದ್ದು ಹೋಗುವ ಆಟಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಕಾರಣ ಸರಳ. ಸಂಬಳ ಇಲ್ಲದೆ ಇವನ್ನು ರಿಪೇರಿ ಮಾಡುವವರು ಯಾರು? ಅದನ್ನು ಆಡುತ್ತಲೇ ಇರುವವರು. ಆಡುವುದು ನಿಂತರೆ ರಿಪೇರಿಯೂ ನಿಲ್ಲುತ್ತದೆ.

ಮೆಷಿನ್‌ಗಳ ವಿಷಯ. ಐದೂ ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಕೇಳುವ ಪ್ರೊಸೆಸರ್ ಪಟ್ಟಿಯಲ್ಲಿ ಇವು ಇಲ್ಲ. ಹೊಸ ಮೆಷಿನ್ ಕೊಳ್ಳುವ ಶಕ್ತಿ ನನಗಿಲ್ಲ. ಹಾಗಾಗಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿದೆ. ಗೇಮುಗಳು ಅದರ ಹಿಂದೆಯೇ ಬಂದವು.

ಇನ್ನೊಂದು ಕಾರಣ ಲೈಸೆನ್ಸ್. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ರೋಡ್ ರ‍್ಯಾಶ್, ಕೌಂಟರ್ ಸ್ಟ್ರೈಕ್ ಓಡುತ್ತಿದ್ದವು. ಸಿಡಿ ಎಲ್ಲಿಂದ ಬಂತು ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಹಾಗಲ್ಲ. ಮನೆಬಳಕೆಗೆ ಅಂತ ಕೊಂಡ ಗೇಮನ್ನು ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ಆಡಿಸುವಂತಿಲ್ಲ. ಆನ್‌ಲೈನಿನಲ್ಲಿ ಗೇಮ್ ಮಾರುವ ಸ್ಟೀಮ್‌ನವರು ಕೆಫೆಗಳಿಗೆ ಅಂತಲೇ ಬೇರೆ ಏರ್ಪಾಡು ಇಟ್ಟಿದ್ದಾರೆ. ನನ್ನಂಥವಳಿಗೆ ಅದೆಲ್ಲ ತಲೆನೋವು. ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸಿನ ಗೇಮಿಗೆ ಈ ರಗಳೆ ಇಲ್ಲ. ಯಾವ ಕೆಲಸಕ್ಕೆ ಬೇಕಾದರೂ ಓಡಿಸಿಕೊಳ್ಳಿ ಅಂತ ಅದರಲ್ಲೇ ಇದೆ. ದುಡ್ಡು ತಗೊಂಡರೂ ತಪ್ಪಲ್ಲ. "ಪುಕ್ಕಟೆ ಗೇಮಿಗೆ ಮೂವತ್ತು ರೂಪಾಯಿ ಯಾಕೆ?" ಅಂತ ಒಬ್ಬರು ಅಪ್ಪ ಜಗಳಕ್ಕೇ ಬಂದಿದ್ದರು. "ಸಾರ್, ಗೇಮಿಗಲ್ಲ. ಕರೆಂಟಿಗೆ, ಕುರ್ಚಿಗೆ, ನನ್ನ ತಾಳ್ಮೆಗೆ" ಅಂದೆ. ನಕ್ಕು ಕೊಟ್ಟರು.

ಈಗ ಗೇಮುಗಳು.

ಎಲ್ಲಕ್ಕಿಂತ ಹೆಚ್ಚು ಓಡುವುದು ಸೂಪರ್ ಟಕ್ಸ್‌ಕಾರ್ಟ್. ಪುಟ್ಟ ಕಾರುಗಳ ರೇಸು. 2000ದಲ್ಲಿ ಸ್ಟೀವ್ ಬೇಕರ್ ಅನ್ನುವವರು ಟಕ್ಸ್‌ಕಾರ್ಟ್ ಅಂತ ಶುರು ಮಾಡಿದ್ದು. ಅದು ನಿಂತುಹೋದಾಗ ಬೇರೆಯವರು ಅದೇ ಕೋಡ್ ಎತ್ತಿಕೊಂಡು ಮುಂದುವರಿಸಿದರು. 2019ರಲ್ಲಿ 1.0 ಬಂತು, ಅದರ ಜೊತೆ ನೆಟ್‌ವರ್ಕಿನಲ್ಲಿ ಆಡುವ ಸೌಲಭ್ಯವೂ ಬಂತು. ನನಗೆ ಬೇಕಾಗಿದ್ದು ಅದೇ. ಐದು ಮೆಷಿನ್‌ಗೂ ಒಂದು ಸ್ವಿಚ್, ಐದು ಕೇಬಲ್. ಇಂಟರ್ನೆಟ್ ಹೋದರೂ ರೇಸು ನಿಲ್ಲುವುದಿಲ್ಲ. ಮೆಷಿನ್ ಸಾಲದಿದ್ದರೆ ಒಂದೇ ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಆಡಬಹುದು. ಒಂದೇ ಕೀಬೋರ್ಡಿಗೆ ನಾಲ್ಕು ಕೈ. ಮೊಣಕೈ ಯುದ್ಧ ಬೇರೆ.

ಇದರಲ್ಲಿ ಕಾರು ಓಡಿಸುವವರೆಲ್ಲ ಒಂದೊಂದು ಓಪನ್ ಸೋರ್ಸ್ ಯೋಜನೆಯ ಲಾಂಛನಗಳು. ಪೆಂಗ್ವಿನ್ ಲಿನಕ್ಸ್‌ನದು. ಹಸಿರು ಡ್ರ್ಯಾಗನ್ ಕೆಡಿಇಯದು. ವಿಲ್ಬರ್ ಅನ್ನುವ ಪ್ರಾಣಿ ಗಿಂಪ್‌ನದು. ಮಕ್ಕಳಿಗೆ ಇದ್ಯಾವುದೂ ಗೊತ್ತಿಲ್ಲ, ಬೇಕಾಗೂ ಇಲ್ಲ. ಗ್ನು ಯೋಜನೆಯ ಕೊಂಬಿನ ಪ್ರಾಣಿ ಗ್ನು ಅವರ ಬಾಯಲ್ಲಿ "ಎಮ್ಮೆ" ಆಗಿದೆ. "ಆಂಟಿ, ಎಮ್ಮೆ ನಂಗೆ, ಅವ್ನಿಗೆ ಕೊಡ್ಬೇಡಿ." ಆಟದೊಳಗೆ ಒಂದು ಕಥೆಯೂ ಇದೆ. ನೋಲೋಕ್ ಅನ್ನುವ ದುಷ್ಟ ಈ ಗ್ನುವನ್ನು ಹಿಡಿದುಕೊಂಡು ಹೋಗಿರುತ್ತಾನೆ, ಬಿಡಿಸಬೇಕು. ನನ್ನ ಅಂಗಡಿಯಲ್ಲಿ ಆ ಕಥೆ ಮುಗಿಸಿದವರು ಯಾರೂ ಇಲ್ಲ. ಎಲ್ಲರಿಗೂ ನೇರವಾಗಿ ರೇಸು ಬೇಕು.

ಮಜಾ ಇರುವುದು ಆಯುಧಗಳಲ್ಲಿ. ಉಡುಗೊರೆ ಡಬ್ಬಕ್ಕೆ ಕಾರು ಗುದ್ದಿದರೆ ಏನಾದರೊಂದು ಸಿಗುತ್ತದೆ. ಬೌಲಿಂಗ್ ಚೆಂಡು, ಅಟ್ಟಿಸಿಕೊಂಡು ಹೋಗುವ ಕೇಕು, ದಾರಿಗೆ ಅಂಟಿಸುವ ಬಬಲ್‌ಗಮ್. ಎಲ್ಲಕ್ಕಿಂತ ಫೇಮಸ್ ಎಂದರೆ ಟಾಯ್ಲೆಟ್ ಬ್ಲಾಕ್ ಆದಾಗ ಒತ್ತುವ ಆ ರಬ್ಬರ್ ಪಂಪು. ಅದನ್ನು ಹಿಂದಕ್ಕೆ ಎಸೆದರೆ ಹಿಂದೆ ಬರುವವನ ಮುಖಕ್ಕೆ ಅಂಟಿ ದಾರಿ ಕಾಣದಂತೆ ಆಗುತ್ತದೆ. ಆಗ ಏಳುವ ಕೂಗಿಗೆ ಪಕ್ಕದ ಟೈಲರ್ ಅಂಗಡಿಯವರು ಇಣುಕಿ ನೋಡುತ್ತಾರೆ. ಶಾಲೆಯ ಡೆಸ್ಕಿನ ಮೇಲೆ, ಪುಸ್ತಕಗಳ ನಡುವೆ ಓಡುವ ಒಂದು ಟ್ರ್ಯಾಕ್ ಇದೆ, ಆಲಿವರ್ಸ್ ಮ್ಯಾತ್ ಕ್ಲಾಸ್ ಅಂತ. ಗಣಿತದ ಮೇಲಿನ ಸಿಟ್ಟೆಲ್ಲ ಅಲ್ಲಿ ತೀರುತ್ತದೆ.

ಕೊರತೆ ಇಲ್ಲ ಅಂತಲ್ಲ. ಟ್ರ್ಯಾಕುಗಳನ್ನು ಬೇರೆ ಬೇರೆ ಜನ ಬೇರೆ ಬೇರೆ ವರ್ಷಗಳಲ್ಲಿ ಮಾಡಿದ್ದಾರೆ. ಒಂದು ಕಣ್ಣಿಗೆ ಹಬ್ಬ, ಇನ್ನೊಂದು ಸಪ್ಪೆ. ದುಡ್ಡು ಕೊಟ್ಟು ಮಾಡಿಸಿದ ಗೇಮಿನಲ್ಲಿ ಮೇಲೊಬ್ಬರು ಕೂತು "ಇದು ಬೇಡ, ತೆಗೀರಿ" ಅನ್ನುತ್ತಾರೆ. ಇಲ್ಲಿ ಪುಕ್ಕಟೆ ಕೊಟ್ಟವರಿಗೆ ಹಾಗೆ ಹೇಳುವುದು ಕಷ್ಟ. ಆದರೂ ಹತ್ತು ವರ್ಷದ ಒಳಗಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಐದರಲ್ಲಿ ಐದು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಗೇಮ್ ಓಪನ್ ಸೋರ್ಸ್ ಅಂದರೆ ಏನು ಓಪನ್ ಅನ್ನುವುದೇ ಗೊಂದಲ. ಗೇಮಿನಲ್ಲಿ ಎರಡು ಭಾಗ. ಒಂದು ಎಂಜಿನ್, ಅಂದ್ರೆ ಕೋಡು. ಇನ್ನೊಂದು ಚಿತ್ರ, ಸದ್ದು, ನಕ್ಷೆ, ಕಥೆ. ರಾಕ್ಷಸರಿಗೆ ಗುಂಡು ಹಾರಿಸುವ ಹಳೇ ಡೂಮ್ ಗೇಮಿನ ಕೋಡನ್ನು ಅದನ್ನು ಮಾಡಿದ ಐಡಿ ಸಾಫ್ಟ್‌ವೇರ್ ಕಂಪನಿ 1997ರ ಡಿಸೆಂಬರ್‌ನಲ್ಲಿ ಬಿಟ್ಟುಕೊಟ್ಟಿತು. ಶುರುವಿನ ಲೈಸೆನ್ಸ್ ಸ್ವಲ್ಪ ಬಿಗಿ ಇತ್ತು, 1999ರಲ್ಲಿ ಜಿಪಿಎಲ್ ಆಯಿತು. ಆದರೆ ರಾಕ್ಷಸರ ಚಿತ್ರ, ಕೋಣೆಗಳ ನಕ್ಷೆ, ಸಂಗೀತ ಇವು ಇಂದಿಗೂ ಕಂಪನಿಯದ್ದೇ. ಒಲೆ, ಪಾತ್ರೆ ಕೊಟ್ಟರು, ಅಕ್ಕಿ ಬೇಳೆ ನೀವೇ ತನ್ನಿ ಅಂದ ಹಾಗೆ. ಅದಕ್ಕೇ ಫ್ರೀಡೂಮ್ ಅನ್ನುವ ಯೋಜನೆ ಹುಟ್ಟಿತು. ಎಂಜಿನ್ ಹಳೆಯದೇ. ಚಿತ್ರ, ನಕ್ಷೆ, ಸದ್ದು ಎಲ್ಲ ಸ್ವಯಂಸೇವಕರು ಹೊಸದಾಗಿ ಮಾಡಿದ್ದು. ಡೆಬಿಯನ್ ಲಿನಕ್ಸ್‌ನವರು ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಕೋಡು ಮುಕ್ತವಾಗಿದ್ದು ಚಿತ್ರ ಮಾತ್ರ ಕೊಂಡೇ ತರಬೇಕು ಅನ್ನುವಂಥ ಗೇಮನ್ನು ಮುಖ್ಯ ವಿಭಾಗಕ್ಕೆ ಸೇರಿಸದೆ ಬೇರೆ ಕಡೆ ಇಡುತ್ತಾರೆ.

ಫ್ರೀಡೂಮ್ ನಾನು ಹಾಕಿದ್ದೇನೆ. ಸಣ್ಣ ಮಕ್ಕಳಿಗೆ ತೋರಿಸುವುದಿಲ್ಲ. ನಲವತ್ತು ದಾಟಿದ ಗಂಡಸರು ಝೆರಾಕ್ಸ್ ಮಾಡಿಸಲು ಬಂದು, ಪರದೆ ನೋಡಿ, "ಇದು ಡೂಮ್ ಅಲ್ವಾ ಮೇಡಂ?" ಅಂತ ಕೂತುಬಿಡುತ್ತಾರೆ. ಅವರ ಮೂವತ್ತು ರೂಪಾಯಿಯೂ ದುಡ್ಡೇ.

ಎರಡನೇ ಜಾಗ ಲುವಾಂಟಿಗೆ. ಮೊದಲು ಮೈನ್‌ಟೆಸ್ಟ್ ಅಂತಿತ್ತು, 2024ರ ಅಕ್ಟೋಬರ್‌ನಲ್ಲಿ ಹೆಸರು ಬದಲಾಯಿತು. ಫಿನ್ಲೆಂಡಿನ ಪೆರ್ಟು ಅಹೋಲಾ 2010ರಲ್ಲಿ ಶುರು ಮಾಡಿದ್ದು. ಮಕ್ಕಳು ಬಂದು ಕೇಳುವುದು ಮೈನ್‌ಕ್ರಾಫ್ಟ್, ಚೌಕ ಇಟ್ಟಿಗೆಗಳನ್ನು ಅಗೆದು, ಜೋಡಿಸಿ ಏನು ಬೇಕಾದರೂ ಕಟ್ಟುವ ಆಟ. 2014ರಲ್ಲಿ ಮೈಕ್ರೋಸಾಫ್ಟ್ ಇನ್ನೂರೈವತ್ತು ಕೋಟಿ ಡಾಲರ್ ಕೊಟ್ಟು ಅದನ್ನು ಮಾಡಿದ ಕಂಪನಿಯನ್ನೇ ಕೊಂಡಿತು. ಐದು ಮೆಷಿನ್‌ಗೆ ಅದನ್ನು ಹಾಕಿಸುವುದು ನನ್ನಿಂದ ಆಗದ ಮಾತು. ಅದೇ ಥರದ ಆಟಗಳಿಗೆ ಲುವಾಂಟಿ ಇದೆ, ಆದರೆ ಇದು ಬರೀ ಎಂಜಿನ್. ಹಾಕಿದ ತಕ್ಷಣ ತೆಗೆದರೆ ಒಳಗೆ ಆಡಲು ಏನೂ ಇರುವುದಿಲ್ಲ. ಅದರೊಳಗೇ ಇರುವ ಕಂಟೆಂಟ್ ಡಿಬಿ ಅನ್ನುವ ಗೇಮುಗಳ ಪಟ್ಟಿಯಿಂದ ಬೇಕಾದ ಗೇಮ್ ಇಳಿಸಿಕೊಳ್ಳಬೇಕು. ಮೈನ್‌ಕ್ರಾಫ್ಟ್ ಥರವೇ ಬೇಕು ಅನ್ನುವವರಿಗೆ ವಾಕ್ಸೆಲಿಬ್ರೆ. ಸರಳವಾಗಿ ಕಟ್ಟಿಕೊಂಡು ಕೂರುವವರಿಗೆ ಮೈನ್‌ಟೆಸ್ಟ್ ಗೇಮ್. ನಾನು ಎರಡೂ ಹಾಕಿದ್ದೇನೆ.

ನಮ್ಮ ಮಕ್ಕಳು ಅದರಲ್ಲಿ ಮೆಟ್ರೋ ಕಟ್ಟಿದ್ದಾರೆ. ಕಂಬಗಳು ಮೊದಲು ಎದ್ದವು, ಮೇಲಿನ ಹಳಿ ಇನ್ನೂ ಬಂದಿಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ, ಕಂಡಿದ್ದನ್ನೇ ಕಟ್ಟಿದ್ದಾರೆ.

ಓಪನ್ ಸೋರ್ಸ್ ಅಂದರೇನು ಅಂತ ನನ್ನ ಕಣ್ಣಿಗೇ ಕಂಡಿದ್ದು ಈ ಗೇಮಿನಲ್ಲಿ. ಪಕ್ಕದ ಬೀದಿಯ ಡಿಪ್ಲೊಮಾ ಹುಡುಗನೊಬ್ಬ ಸಂಜೆ ನನಗೆ ಸಹಾಯಕ್ಕೆ ಬರುತ್ತಾನೆ. ಒಂದು ದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮೈನ್‌ಟೆಸ್ಟ್ ಗೇಮಿನ ಒಂದು ಫೈಲ್ ತೆಗೆದ. ಲುವಾ ಭಾಷೆಯಲ್ಲಿ ಬರೆದದ್ದು, ಮಾಮೂಲಿ ನೋಟ್‌ಪ್ಯಾಡ್ ಥರದ್ದರಲ್ಲೇ ಓದಬಹುದು. ಕಲ್ಲನ್ನು ಅಗೆದರೆ ಏನು ಸಿಗಬೇಕು ಅಂತ ಅದರಲ್ಲಿ ಒಂದು ಸಾಲಿದೆ. ಡ್ರಾಪ್ ಅಂತ ಬರೆದು ಮುಂದೆ ಕೋಬಲ್ ಅಂತ, ಅಂದ್ರೆ ಪುಡಿಗಲ್ಲು. ಅವನು ಕೋಬಲ್ ಅಳಿಸಿ ಡೈಮಂಡ್ ಅಂತ ಬರೆದ. ಗೇಮನ್ನು ಮತ್ತೆ ಶುರು ಮಾಡಿದ. ಒಂದು ಮೆಷಿನ್ ಸರ್ವರ್, ಉಳಿದವು ಅದಕ್ಕೆ ಸೇರಿಕೊಳ್ಳುವುದರಿಂದ ಬದಲಾವಣೆ ಒಂದೇ ಕಡೆ ಮಾಡಿದರೆ ಸಾಕು. ಕಲ್ಲಿಗೆ ಗುದ್ದಲಿ ಹಾಕಿದರೆ ವಜ್ರ! ಐದೂ ಪರದೆಯ ಮುಂದೆ ಕಿರುಚಾಟ. ಒಂದು ಗಂಟೆ ಎಲ್ಲರೂ ಕುಬೇರರು. ಆಮೇಲೆ ಬೋರ್ ಹೊಡೆಯಿತು. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು, "ಅಣ್ಣಾ, ಹಳೇದೇ ಮಾಡಿ, ಎಲ್ರಿಗೂ ಇದ್ರೆ ಏನ್ ಮಜಾ" ಅಂದಳು. ಸುಮ್ನೆ ಆಡಿಕೊಂಡಿದ್ದವಳು ಗೇಮನ್ನು ಮಾಡುವವರ ಕಷ್ಟ ಹಿಡಿದುಬಿಟ್ಟಳು. ಈಗ ಅವಳೇ ಆ ಫೈಲ್ ತೆಗೆಯುತ್ತಾಳೆ. ಮರ ಕಡಿದರೆ ಸೇಬು ಬೀಳಬೇಕು ಅಂತ ಮಾಡಲು ಹೊರಟು ಒಂದು ಅಲ್ಪವಿರಾಮ ಬಿಟ್ಟು ಗೇಮ್ ನಿಲ್ಲಿಸಿದ್ದಾಳೆ. ಮೂಲ ಫೈಲಿನ ಒಂದು ಕಾಪಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ. ಹಾಕಿದರೆ ಸರಿಹೋಗುತ್ತದೆ.

ಲುವಾಂಟಿಯ ಕೊರತೆ ಅಂದರೆ ಶುರುವಿನ ಆ ಖಾಲಿತನ. ಗೊತ್ತಿಲ್ಲದವರು ತೆಗೆದು, ಏನೂ ಇಲ್ಲವಲ್ಲ ಅಂತ ಅಳಿಸಿಬಿಡುತ್ತಾರೆ. ಯಾರಾದರೂ ಪಕ್ಕದಲ್ಲಿ ಕೂತು ಹಾಕಿಕೊಟ್ಟರೆ ಒಳ್ಳೆಯದು.

ಕಾಲೇಜು ಹುಡುಗರ ಗೇಮು ಝೀರೋ ಎ.ಡಿ. ಹಳೇ ಕಾಲದ ಸಾಮ್ರಾಜ್ಯ ಕಟ್ಟಿ ಯುದ್ಧ ಮಾಡುವ ಆಟ. ಏಜ್ ಆಫ್ ಎಂಪೈರ್ಸ್ ಆಡಿದವರಿಗೆ ತಕ್ಷಣ ಕೈ ಹತ್ತುತ್ತದೆ. ಅದೇ ಗೇಮಿನ ಮೇಲೆ ಮಾರ್ಪಾಡು ಮಾಡಬೇಕು ಅಂತ ಹೊರಟವರು ಕೊನೆಗೆ ತಮ್ಮದೇ ಗೇಮ್ ಮಾಡಿದರು. 2009ರಲ್ಲಿ ಎಲ್ಲವನ್ನೂ ಓಪನ್ ಸೋರ್ಸ್ ಮಾಡಿದರು. ಕೋಡಿಗೆ ಜಿಪಿಎಲ್, ಚಿತ್ರ ಮತ್ತು ಸಂಗೀತಕ್ಕೆ ಕ್ರಿಯೇಟಿವ್ ಕಾಮನ್ಸ್ ಅನ್ನುವ ಅಂಥದ್ದೇ ಮುಕ್ತ ಲೈಸೆನ್ಸ್. ಚಿತ್ರಗಳ ಗುಣಮಟ್ಟ ನೋಡಿದರೆ ಪುಕ್ಕಟೆ ಗೇಮ್ ಅನ್ನಿಸುವುದಿಲ್ಲ. ಇದರಲ್ಲಿ ಮೌರ್ಯರೂ ಇದ್ದಾರೆ. ಚಂದ್ರಗುಪ್ತ, ಚಾಣಕ್ಯ, ಅಶೋಕ ಮೂವರೂ ನಾಯಕರು. ಕೆಲಸದ ಆನೆ ಅಂತ ಒಂದಿದೆ. ಕಡಿದ ಮರವನ್ನು ಊರಿನ ತನಕ ಹೊರಬೇಕಿಲ್ಲ, ಆನೆಯ ಹತ್ತಿರವೇ ತಂದು ಹಾಕಿದರೆ ಸಾಕು. ಅಶೋಕನ ಶಾಸನಸ್ತಂಭವನ್ನೂ ನೆಡಬಹುದು. ರಾಯಚೂರು ಕಡೆಯ ಹುಡುಗನೊಬ್ಬ ಅದನ್ನು ನೋಡಿ, "ಅಕ್ಕ, ಅಶೋಕ ಅನ್ನೋ ಹೆಸರು ಸಿಕ್ಕಿದ್ದೇ ನಮ್ಮ ಮಸ್ಕಿ ಶಾಸನದಲ್ಲಿ" ಅಂತ ಎಲ್ಲರಿಗೂ ಪಾಠ ಮಾಡಿದ. ನಿಜವೇ. 1915ರಲ್ಲಿ ಸಿಕ್ಕಿದ ಶಾಸನ ಅದು.

ಆದರೆ ಇದು ವರ್ಷಗಟ್ಟಲೆ "ಆಲ್ಫಾ", ಅಂದ್ರೆ ಇನ್ನೂ ಪೂರ್ತಿಯಾಗಿಲ್ಲ, ಅನ್ನುವ ಹಣೆಪಟ್ಟಿ ಹೊತ್ತು ಬಂದ ಗೇಮು. ಪ್ರತಿ ಆವೃತ್ತಿಗೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಒಂದು ಹೆಸರು. 2010ರಲ್ಲಿ ಆರ್ಗೊನಾಟ್ ಅಂತ ಶುರುವಾಗಿ, 2022ರಲ್ಲಿ ಇಪ್ಪತ್ತಾರನೆಯದಕ್ಕೆ ಜ಼ುವಾಂಗ್‌ಜಿ ಅಂತ ಅಕ್ಷರಗಳೇ ಮುಗಿದವು. ತಿರುಗಿ ಮೊದಲ ಅಕ್ಷರಕ್ಕೆ ಬಂದು 2025ರಲ್ಲಿ "ಅಗ್ನಿ" ಬಿಟ್ಟರು! ಕಂಪನಿಯಾಗಿದ್ದರೆ ಇಷ್ಟು ಹೊತ್ತಿಗೆ ಯಾರೋ ಮ್ಯಾನೇಜರ್ ಮೇಜು ಕುಟ್ಟಿ ಮುಗಿಸಿರಿ ಅನ್ನುತ್ತಿದ್ದ. ಅಥವಾ ದುಡ್ಡು ಮುಗಿದು ಬಾಗಿಲು ಹಾಕುತ್ತಿದ್ದರು. ಇಲ್ಲಿ ಎರಡೂ ಆಗುವುದಿಲ್ಲ. ನನಗೆ ಇದು ದೂರು ಅನ್ನಿಸುವುದಿಲ್ಲ. ಆಡುವವರಿಗಂತೂ ಪೂರ್ತಿ ಗೇಮೇ. ನನ್ನ ಹಳೇ ಮೆಷಿನ್‌ಗಳಲ್ಲಿ ಸೈನ್ಯ ದೊಡ್ಡದಾದರೆ ಎಳೆಯುತ್ತದೆ. ಅದಕ್ಕೆ ಜನಸಂಖ್ಯೆ ನೂರಕ್ಕೆ ಕಟ್ಟಿಹಾಕುತ್ತೇನೆ. ಇನ್ನೊಂದು ಸೂಚನೆ: ಜೊತೆಗೆ ಆಡುವ ಎಲ್ಲಾ ಮೆಷಿನ್‌ನಲ್ಲೂ ಒಂದೇ ಆವೃತ್ತಿ ಇರಬೇಕು.

ನನ್ನ ಸ್ವಂತ ಚಟ ಓಪನ್ ಟಿಟಿಡಿ. ಅಂಗಡಿ ಖಾಲಿ ಇದ್ದಾಗ ನಾನು ಕೂರುವುದು ಇದಕ್ಕೆ. ಊರಿಂದೂರಿಗೆ ಬಸ್ಸು, ರೈಲು ಓಡಿಸಿ ದುಡ್ಡು ಮಾಡುವ ಆಟ. ಮೂಲ ಆಟ ಕ್ರಿಸ್ ಸಾಯರ್ ಅವರದ್ದು, 1990ರ ದಶಕದ್ದು. 2004ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಅನ್ನುವವರು ಅದನ್ನು ಬಿಚ್ಚಿ ನೋಡಿ, ಹೊಸದಾಗಿ ಸಿ ಭಾಷೆಯಲ್ಲಿ ಬರೆದರು. ಎಷ್ಟೋ ವರ್ಷ ಇದನ್ನು ಆಡಲು ಮೂಲ ಗೇಮಿನ ಚಿತ್ರಗಳೇ ಬೇಕಿತ್ತು. ಆಮೇಲೆ ಓಪನ್ ಜಿಎಫ್‌ಎಕ್ಸ್ ಅಂತ ಚಿತ್ರಗಳನ್ನೂ, ಸದ್ದು ಸಂಗೀತಗಳನ್ನೂ ಜನ ತಾವೇ ಮಾಡಿದರು. 2010ರ ಏಪ್ರಿಲ್‌ನಲ್ಲಿ 1.0 ಬಂದಾಗ ಯಾರ ಹಂಗೂ ಇಲ್ಲದ ಗೇಮ್ ಆಗಿತ್ತು.

ಬೆಂಗಳೂರಿನವರಿಗೆ ಇದನ್ನು ಆಡಲು ವಿಶೇಷ ತರಬೇತಿ ಬೇಡ. ರಸ್ತೆ ಮಾಡಲು ಮರ ಕಡಿದರೆ, ಊರಿನ ಆಡಳಿತಕ್ಕೆ ನಿಮ್ಮ ಮೇಲೆ ಸಿಟ್ಟು ಬಂದು ಬಸ್ ಸ್ಟಾಪ್ ಹಾಕಲು ಅನುಮತಿ ಕೊಡುವುದಿಲ್ಲ. ಆಗ ದಾರಿ ಎರಡು. ಊರಿನ ಸುತ್ತ ಗಿಡ ನೆಟ್ಟು ಸಮಾಧಾನ ಮಾಡಬಹುದು. ಅಥವಾ ಲಂಚ ಕೊಡಬಹುದು. ಸುಳ್ಳಲ್ಲ, ಪಟ್ಟಿಯಲ್ಲಿ "ಲಂಚ ಕೊಡಿ" ಅಂತಲೇ ಇದೆ. ಸಿಕ್ಕಿಬಿದ್ದರೆ ಮಾತ್ರ ಇದ್ದ ಮರ್ಯಾದೆಯೂ ಹೋಗುತ್ತದೆ. ಅದೇ ಪಟ್ಟಿಯಲ್ಲಿ ಊರಿನ ರಸ್ತೆಗಳನ್ನೆಲ್ಲ ಅಗೆಸುವ ಕೆಲಸಕ್ಕೆ ದುಡ್ಡು ಕೊಡುವ ಆಯ್ಕೆಯೂ ಇದೆ. ಆರು ತಿಂಗಳ ತನಕ ಸಂಚಾರ ಅಸ್ತವ್ಯಸ್ತ ಆಗಬಹುದು ಅಂತ ಮೊದಲೇ ಹೇಳಿರುತ್ತದೆ. ಎದುರಾಳಿ ಕಂಪನಿಯ ಬಸ್ಸುಗಳನ್ನು ಕೆಡಿಸಲು ಇದನ್ನು ಬಳಸುತ್ತಾರೆ. ನಮ್ಮ ಏರಿಯಾದಲ್ಲಿ ಯಾವ ಎದುರಾಳಿ ದುಡ್ಡು ಕೊಡುತ್ತಿದ್ದಾನೋ ಗೊತ್ತಿಲ್ಲ.

ಮೂವತ್ತು ವರ್ಷದ ಹಳೇ ಆಟವೊಂದು ಇವತ್ತಿಗೂ ಹೊಸ ಆವೃತ್ತಿ ಕಾಣುತ್ತಿದೆ ಅಂದರೆ ಅದನ್ನು ಬಿಡದೆ ಆಡುವವರು ಇರುವುದರಿಂದಲೇ. ಒಬ್ಬರಿಗೆ ರೈಲು ಸಿಗ್ನಲ್ ಸರಿಯಿಲ್ಲ ಅನ್ನಿಸುತ್ತದೆ, ಕೂತು ತಿದ್ದುತ್ತಾರೆ. ತಿದ್ದಿದ್ದು ಸರಿಯಾ ತಪ್ಪಾ ಅಂತ ರೈಲು ಓಡಿಸಿದರೆ ಗೊತ್ತಾಗುತ್ತದೆ. ಕೋಡಿನ ಗುಣ ಅದು. ಕಥೆಗೆ ಹಾಗೆ ಪರೀಕ್ಷೆ ಇಲ್ಲ. ಕ್ಲೈಮ್ಯಾಕ್ಸ್ ಚೆನ್ನಾಗಿಲ್ಲ ಅಂತ ಹತ್ತು ಜನ ಹತ್ತು ಥರ ತಿದ್ದಿದರೆ ಏನಾಗುತ್ತದೆ ಹೇಳಿ. ಅಲ್ಲದೆ ಕ್ಲೈಮ್ಯಾಕ್ಸ್ ಗೊತ್ತಾದವನು ಮತ್ತೆ ಯಾಕೆ ಬರುತ್ತಾನೆ?

ಇದಕ್ಕೆ ಅಪವಾದ ಒಂದಿದೆ, ಬ್ಯಾಟಲ್ ಫಾರ್ ವೆಸ್ನಾತ್. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ್ದು. ಷಟ್ಕೋನದ ಮನೆಗಳ ಮೇಲೆ ಸೈನ್ಯ ನಡೆಸುವ ಆಟ. ಒಂದಲ್ಲ, ಹಲವು ಕಥೆಗಳಿವೆ. ಬಹಳಷ್ಟು ಆಡುವವರೇ ಬರೆದದ್ದು. ಕಥೆ ಇಲ್ಲಿ ನಡೆಯುತ್ತದೆ, ಯಾಕೆಂದರೆ ಮಾತು ಮತ್ತು ಸಣ್ಣ ಚಿತ್ರಗಳಲ್ಲೇ ಹೇಳುತ್ತಾರೆ. ಒಬ್ಬರೇ ಕೂತು ಬರೆಯಬಹುದು, ನಟರು ಬೇಡ, ಸಿನಿಮಾ ಥರದ ದೃಶ್ಯ ಬೇಡ. ಒಳ್ಳೆಯ ಗೇಮ್ ಅಂತ ನನಗೂ ಗೊತ್ತು. ಆದರೆ ನನ್ನ ಅಂಗಡಿಯಲ್ಲಿ ಓಡಲಿಲ್ಲ. ಇಂಗ್ಲಿಷ್ ಓದು ಜಾಸ್ತಿ, ಗಂಟೆ ಲೆಕ್ಕದಲ್ಲಿ ಬರುವ ಮಕ್ಕಳಿಗೆ ಅಷ್ಟು ವ್ಯವಧಾನ ಇಲ್ಲ. ಮನೆಯಲ್ಲಿ ಹಾಕಿಕೊಳ್ಳಿ.

ಝೋನಾಟಿಕ್ ಬಗ್ಗೆ ಎರಡು ಮಾತು. ಗುಂಡು ಹಾರಿಸುವ ವೇಗದ ಆಟ, ಬೇರು ಕ್ವೇಕ್ ಅನ್ನುವ ಹಳೇ ಗೇಮಿನ ಎಂಜಿನ್ನಿನಲ್ಲಿದೆ. ಮೊದಲು ನೆಕ್ಸುಯಿಜ್ ಅಂತಿತ್ತು. 2010ರಲ್ಲಿ ಆ ಹೆಸರನ್ನು ಕನ್ಸೋಲ್ ಗೇಮ್ ಮಾಡುವ ಒಂದು ಕಂಪನಿಗೆ ಕೊಟ್ಟರು. ಕೆಲಸ ಮಾಡಿದವರಿಗೆ ಬೇಜಾರಾಯಿತು. ಹೆಸರು ಹೋದರೆ ಹೋಗಲಿ ಅಂತ ಕೋಡು ಎತ್ತಿಕೊಂಡು ಝೋನಾಟಿಕ್ ಅಂತ ಬೇರೆ ಮನೆ ಮಾಡಿದರು. 2023ರಲ್ಲೂ ಅದರ ಹೊಸ ಆವೃತ್ತಿ ಬಂದಿದೆ. ಲೈಸೆನ್ಸ್ ಹಾಗಿದ್ದುದರಿಂದ ಯಾರೂ ತಡೆಯುವಂತಿರಲಿಲ್ಲ. ಕಂಪನಿಗಳ ಗೇಮ್ ನೋಡಿ. ದಿ ಕ್ರೂ ಅನ್ನುವ ಕಾರ್ ಗೇಮಿನ ಸರ್ವರ್‌ಗಳನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿದರು. ದುಡ್ಡು ಕೊಟ್ಟು ಕೊಂಡವರೂ ಆಡುವಂತಿಲ್ಲ. ಓಪನ್ ಸೋರ್ಸ್‌ಗೂ ಅದರದ್ದೇ ತೊಂದರೆ ಇದೆ ಅನ್ನಿ. 1999ರಲ್ಲಿ ಕ್ವೇಕ್ ಕೋಡು ಹೊರಬಂದ ಮೇಲೆ ಅದನ್ನು ತಿದ್ದಿ ಮೋಸದಿಂದ ಆಡುವವರು ಹುಟ್ಟಿಕೊಂಡರು. ನನ್ನ ಅಂಗಡಿಯಲ್ಲಿ ಮೋಸ ಮಾಡಿದರೆ ಪಕ್ಕದಲ್ಲೇ ಕೂತವನು ತಲೆಗೆ ಮೊಟಕುತ್ತಾನೆ, ಆ ಚಿಂತೆ ಇಲ್ಲ.

ಇವರೆಲ್ಲ ಹೊಟ್ಟೆಗೆ ಏನು ಮಾಡುತ್ತಾರೆ ಅನ್ನುವುದು ನನ್ನ ಕುತೂಹಲ. ಅಂಗಡಿ ನಡೆಸುವವಳಿಗೆ ಇನ್ನೇನು ಬರುತ್ತದೆ ತಲೆಗೆ. ಹೆಚ್ಚಿನವರು ಬೇರೆ ಕೆಲಸದಲ್ಲಿದ್ದು ಬಿಡುವಿನಲ್ಲಿ ಮಾಡುತ್ತಾರೆ. ಆದರೆ ಜಾಣರೂ ಇದ್ದಾರೆ. ಮಿಂಡಸ್ಟ್ರಿ ಅಂತ ಕಾರ್ಖಾನೆ ಕಟ್ಟುವ ಒಂದು ಗೇಮಿದೆ, ಜಿಪಿಎಲ್. ಕೋಡು ಹಂಚುವ ತಾಣ ಗಿಟ್‌ಹಬ್‌ನಲ್ಲಿ ಪುಕ್ಕಟೆ, ಸ್ಟೀಮ್‌ನಲ್ಲಿ ದುಡ್ಡಿಗೆ. ಆಟ ಅದೇ. ಶ್ಯಾಟರ್ಡ್ ಪಿಕ್ಸೆಲ್ ಡಂಜನ್ ಕೂಡ ಹೀಗೇ. ವಾಟಬೌ ಅನ್ನುವವರು ತಮ್ಮ ಪಿಕ್ಸೆಲ್ ಡಂಜನ್‌ನ ಕೋಡು ಬಿಟ್ಟುಕೊಟ್ಟರು, ಇವಾನ್ ಡೆಬೆನ್‌ಹ್ಯಾಮ್ ಅದನ್ನು ತಿದ್ದುತ್ತಾ ತಿದ್ದುತ್ತಾ ಬೇರೆಯದೇ ಮಾಡಿದರು. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಬೇಕಾದರೆ ಕಾಣಿಕೆ ಕೊಡಬಹುದು. ಸ್ಟೀಮ್ ಮತ್ತು ಐಫೋನ್‌ನಲ್ಲಿ ಕೊಂಡು ಆಡಬೇಕು. ಪುಕ್ಕಟೆ ಸಿಗುವುದನ್ನು ಜನ ಯಾಕೆ ಕೊಳ್ಳುತ್ತಾರೆ? ಒತ್ತಿದರೆ ಇಳಿಯುತ್ತದೆ, ತಾನೇ ಅಪ್‌ಡೇಟ್ ಆಗುತ್ತದೆ, ಮಾಡಿದವರಿಗೆ ನಾಲ್ಕು ಕಾಸು ಹೋಗುತ್ತದೆ. ಇಷ್ಟೇ. ನನ್ನ ಅಂಗಡಿಯ ವ್ಯಾಪಾರವೂ ಅದೇ ಥರದ್ದು. ಫಾರಂ ಪುಕ್ಕಟೆ, ತುಂಬಿಕೊಟ್ಟಿದ್ದಕ್ಕೆ ದುಡ್ಡು.

ಬೆಂಗಳೂರಿನಲ್ಲೂ ಈ ಬಗ್ಗೆ ಓಡಾಟ ಇದೆ. 2024ರ ಸೆಪ್ಟೆಂಬರ್‌ನಲ್ಲಿ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ಇಂಡಿಯಾಫಾಸ್ ಅನ್ನುವ ಓಪನ್ ಸೋರ್ಸ್ ಸಮ್ಮೇಳನ ನಡೆಯಿತು. ಮುಂದಿನ ತಿಂಗಳು ನಮ್ಮೂರಿನ ಷೇರು ವಹಿವಾಟಿನ ಕಂಪನಿ ಜೆರೋಧಾ, ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡುವ ನಿಧಿಯನ್ನು ಪ್ರಕಟಿಸಿತು. ಇಂಥ ದುಡ್ಡು ಗೇಮುಗಳಿಗೆ, ಅದರಲ್ಲೂ ಚಿತ್ರ ಬರೆಯುವವರಿಗೆ, ಸ್ವಲ್ಪ ಹರಿದರೆ ಚೆನ್ನಾಗಿತ್ತು ಅಂತ ನನ್ನ ಆಸೆ.

ಚಿತ್ರದ ಮಾತು ಯಾಕೆ ಅಂದರೆ, ನಮ್ಮ ಡಿಪ್ಲೊಮಾ ಹುಡುಗ ಈಗ ತಾನೇ ಒಂದು ಗೇಮ್ ಮಾಡುತ್ತಿದ್ದಾನೆ. ಗೊಡೋ ಅನ್ನುವ ಎಂಜಿನ್ನಿನಲ್ಲಿ. ಅರ್ಜೆಂಟೀನಾದ ಇಬ್ಬರು ಮಾಡಿ 2014ರಲ್ಲಿ ಎಂಐಟಿ ಅನ್ನುವ ಓಪನ್ ಸೋರ್ಸ್ ಲೈಸೆನ್ಸಿನಲ್ಲಿ ಬಿಟ್ಟಿದ್ದು. 2023ರಲ್ಲಿ ಇಂಥದ್ದೇ ಎಂಜಿನ್ ಮಾಡುವ ಯೂನಿಟಿ ಕಂಪನಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂದಾಗ ಎಷ್ಟೋ ಜನ ಇದಕ್ಕೆ ಬಂದರು. ಮರುವರ್ಷ ಯೂನಿಟಿ ಆ ಶುಲ್ಕ ಕೈಬಿಟ್ಟಿತು, ಬಂದವರಲ್ಲಿ ಕೆಲವರು ಇಲ್ಲೇ ಉಳಿದರು. ನನ್ನ ಐ3 ಮೆಷಿನ್‌ನಲ್ಲಿ ಗೊಡೋ ಆರಾಮಾಗಿ ಓಡುತ್ತದೆ. ಇನ್‌ಸ್ಟಾಲ್ ಮಾಡುವುದೂ ಬೇಡ, ಇಳಿಸಿಕೊಂಡ ಫೈಲನ್ನು ಒತ್ತಿದರೆ ಸಾಕು. ನಮಗೆ ಮುಖ್ಯವಾದದ್ದು ಇನ್ನೊಂದು. 2023ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಅದಕ್ಕೆ ಮೊದಲು ಚೆಲ್ಲಾಪಿಲ್ಲಿ.

ಹುಡುಗನ ಗೇಮಿನಲ್ಲಿ ಒಂದು ಆಟೋ, ರಾಮಾಂಜನೇಯ ಗುಡ್ಡದಿಂದ ಗಾಂಧಿ ಬಜಾರಿಗೆ ಸವಾರಿ. ಹಳ್ಳ ತಪ್ಪಿಸಬೇಕು, ಮೀಟರ್ ಮೇಲೆ ಎಷ್ಟು ಕೇಳಬೇಕು ಅಂತ ತೀರ್ಮಾನಿಸಬೇಕು. ಜಾಸ್ತಿ ಕೇಳಿದರೆ ಗಿರಾಕಿ ಇಳಿದು ಹೋಗುತ್ತಾನೆ. ಕೋಡೆಲ್ಲ ಬೇಗ ಆಯಿತು. ಚಕ್ರ ತಿರುಗುವುದು, ಡಿಕ್ಕಿ ಹೊಡೆಯುವುದು ಇವಕ್ಕೆ ಬೇರೆಯವರು ಬರೆದ ಮಾದರಿಗಳು ಸಿಕ್ಕವು. ಆಟೋ ಮಾತ್ರ ಇಂದಿಗೂ ಹಳದಿ ಹಸಿರಿನ ಒಂದು ಚೌಕ. ಗಿರಾಕಿ ಅಂದರೆ ಒಂದು ಗುಂಡು, ಎರಡು ಕಡ್ಡಿ. 2009ರಿಂದ ಇರುವ ಓಪನ್ ಗೇಮ್ ಆರ್ಟ್ ಅನ್ನುವ ತಾಣದಲ್ಲಿ ಹುಡುಕಿದ. ಕೋಟೆ, ಕತ್ತಿ, ಅಂತರಿಕ್ಷ ನೌಕೆ ಬೇಕಾದಷ್ಟು. ಅವನ ಮನಸ್ಸಿಗೆ ಒಪ್ಪುವ ಆಟೋ ಸಿಗಲಿಲ್ಲ. ಚಿತ್ರಕಲಾ ಪರಿಷತ್ತಿನಲ್ಲಿ ಓದುವ ಗೆಳತಿಯನ್ನು ಕೇಳಿದ್ದಾನೆ. ಅವಳು, "ಬರೆದುಕೊಡ್ತೀನಿ, ಆದ್ರೆ ಯಾರು ಬೇಕಾದ್ರೂ ತಗೊಂಡು ಹೋಗಿ ಮಾರಬಹುದು ಅಂದ್ರೆ ನಂಗೇನು?" ಅಂತ ಕೇಳಿದಳಂತೆ. ನ್ಯಾಯವಾದ ಪ್ರಶ್ನೆ. ಕೋಡು ಬರೆದವನಿಗೆ ಅದನ್ನು ತೋರಿಸಿ ನೌಕರಿ ಸಿಗಬಹುದು, ಬೇರೆಯವರು ತಿದ್ದಿ ಕೊಡುವುದರಿಂದ ಅವನ ಕೆಲಸವೂ ಹಗುರ. ಚಿತ್ರ ಬರೆದವಳಿಗೆ ಯಾರೂ ತಿದ್ದಿ ಕೊಡುವುದಿಲ್ಲ. ಕೋಡು ಜಿಪಿಎಲ್ ಇರಲಿ, ಚಿತ್ರ ನಿನ್ನದೇ ಇರಲಿ ಅಂತ ಸದ್ಯಕ್ಕೆ ಒಪ್ಪಂದ ನಡೆಯುತ್ತಿದೆ. ಡೂಮ್‌ನವರು ಮಾಡಿದ್ದೂ ಅದೇ ಅಲ್ವಾ.

ನೀವೂ ಹಾಕಿಸುವುದಾದರೆ ಕೆಲವು ಮಾತು. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಇವು ಸಿಗುತ್ತವೆ. ಒಂದೇ ಗೇಮ್ ಎರಡು ಕಡೆಯಿಂದ ತೋರಿಸಿದರೆ ಫ್ಲಾಟ್‌ಪ್ಯಾಕ್ ಅಂತ ಇರುವುದನ್ನು ಒತ್ತಿ, ಸಾಮಾನ್ಯವಾಗಿ ಅದೇ ಹೊಸತು. ಎಲ್ಲಾ ಮೆಷಿನ್‌ಗೂ ಒಂದೇ ಕಡೆಯಿಂದ ಹಾಕಿ, ಇಲ್ಲದಿದ್ದರೆ ಆವೃತ್ತಿ ಬೇರೆಯಾಗಿ ಒಟ್ಟಿಗೆ ಆಡಲು ಬರುವುದಿಲ್ಲ. ಲುವಾಂಟಿಯ ಸರ್ವರ್ ಮೆಷಿನ್‌ಗೆ ಯುಪಿಎಸ್ ಕೊಡಿ, ಕರೆಂಟ್ ಹೋದಾಗ ಮಕ್ಕಳು ಕಟ್ಟಿದ್ದು ಹಾಳಾದರೆ ನಿಮ್ಮ ಕಥೆ ಮುಗಿಯಿತು. ಮೆಷಿನ್ ಎಷ್ಟು ಹಳೆಯದಾದರೂ ಪರವಾಗಿಲ್ಲ, ಕೀಬೋರ್ಡ್ ಮಾತ್ರ ಹೊಸದು ತಗೊಳ್ಳಿ, ಅಗ್ಗದ್ದೇ ಸಾಕು. ಟಕ್ಸ್‌ಕಾರ್ಟ್ ಆಡುವವರು ಬಾಣದ ಗುರುತಿನ ಕೀಗಳನ್ನು ಉಳಿಸುವುದಿಲ್ಲ.